ಹಾರ್ಡ್ ಡಿಸ್ಕ್ ಇರೋ ಪೆಟ್ಟಿಗೆಯನ್ನ ಗೋಡೆ ಸ್ವಿಚ್‌ನಲ್ಲೇ ಆರಿಸಿದ್ರೆ ನಿಜಕ್ಕೂ ಏನಾಗತ್ತೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಟಿವಿ ಪಕ್ಕ ಎರಡು ಪೆಟ್ಟಿಗೆ ಇವೆ. ಒಂದು ಕಾರ್ಯಕ್ರಮ ರೆಕಾರ್ಡ್ ಮಾಡೋ ಸೆಟ್-ಟಾಪ್ ಬಾಕ್ಸ್, ಒಳಗೆ ಹಾರ್ಡ್ ಡಿಸ್ಕ್ ಇದೆ. ಇನ್ನೊಂದು ಎರಡು ಡಿಸ್ಕ್ ಹಾಕಿರೋ ಚಿಕ್ಕ ನ್ಯಾಸ್, ಅಂದ್ರೆ ಮನೆಯ ನೆಟ್‌ವರ್ಕ್‌ಗೆ ಸೇರಿಸಿ ಎಲ್ಲರೂ ಬಳಸೋ ಡಿಸ್ಕ್ ಪೆಟ್ಟಿಗೆ. ಮನೆಯವರ ಫೋಟೊಗಳೆಲ್ಲ ಅದರಲ್ಲೇ ಇರೋದು. ರಾತ್ರಿ ಮಲಗೋ ಮುಂಚೆ ಅಪ್ಪ ಗೋಡೆ ಸ್ವಿಚ್ ಆರಿಸ್ತಾರೆ, ಎರಡೂ ಒಟ್ಟಿಗೇ ಆರಿಹೋಗ್ತವೆ. ಆ ಹೊತ್ತಿಗೆ ಒಳಗಿಂದ "ಟಕ್" ಅಂತ ಒಂದು ಸದ್ದು ಬರತ್ತೆ. ಈಚೆಗೆ ರೆಕಾರ್ಡರ್ ಶುರುವಾಗೋಕೆ ತುಂಬ ಹೊತ್ತು ತಗೊಳ್ತಿದೆ, ಒಂದೆರಡು ರೆಕಾರ್ಡಿಂಗ್ ಪಟ್ಟಿಯಲ್ಲಿ ಹೆಸರಿದ್ದೂ ತೆರೆಯಲ್ಲ.

ಅಪ್ಪ ಕೇಳೋದು ಇಷ್ಟೇ: "ಟಿವಿ, ಫ್ಯಾನು ಎಲ್ಲ ಹಾಗೇ ಆರಿಸ್ತೀವಲ್ಲ, ಇದಕ್ಕೇನು ವಿಶೇಷ?" ಹೆದರಿಸೋ ಉತ್ತರ ನನಗೆ ಬೇಡ. ನಿಜವಾದ ಕಾರಣ ಬೇಕು. ಡಿಸ್ಕ್ ಹಾಳಾಗತ್ತಾ, ಅದರಲ್ಲಿರೋದು ಹಾಳಾಗತ್ತಾ, ಅಥವಾ ಎರಡೂ ಸುಳ್ಳಾ?

ತಿರುಗುತಟ್ಟೆ

ಮೊದಲು ಆ "ಟಕ್" ವಿಷಯ. ಅದು ಡಿಸ್ಕ್ ತನ್ನನ್ನ ತಾನು ಕಾಪಾಡಿಕೊಳ್ಳುವಾಗ ಬರೋ ಸದ್ದು.

ಒಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗ್ತಿರ್ತವೆ. 3.5 ಇಂಚಿನ ಡಿಸ್ಕ್ 7200ರಲ್ಲಿ ತಿರುಗುವಾಗ ತಟ್ಟೆಯ ಹೊರ ಅಂಚಿನ ವೇಗ ಗಂಟೆಗೆ 120 ಕಿಲೋಮೀಟರ್ ದಾಟತ್ತೆ. ಓದೋ-ಬರೆಯೋ ಹೆಡ್ ಆ ತಟ್ಟೆಯನ್ನ ಮುಟ್ಟಲ್ಲ, ತಿರುಗುವಿಕೆಯಿಂದ ಏಳೋ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲ್ತಿರತ್ತೆ. ತಟ್ಟೆ ನಿಧಾನವಾದಂತೆ ಆ ಗಾಳಿ ಸಾಲದೆ ಹೋಗತ್ತೆ. ಆಗ ಹೆಡ್ ಡೇಟಾ ಇರೋ ಜಾಗದ ಮೇಲೆ ಕೂತ್ರೆ ಮೇಲ್ಮೈ ಗೀಚಬಹುದು, ನುಣುಪಿಗೆ ಅಂಟಿಕೊಂಡು ಮೋಟಾರೇ ತಿರುಗದ ಹಾಗೂ ಆಗಬಹುದು.

ಹಾಗಾಗಿ ಕರೆಂಟ್ ಹೋದ ಕ್ಷಣ ಡ್ರೈವ್ ಒಂದು ಕೆಲಸ ಮಾಡತ್ತೆ. ತಟ್ಟೆಗಳು ಇನ್ನೂ ತಿರುಗ್ತಿರೋದರಿಂದ ಮೋಟಾರೇ ಜನರೇಟರ್ ಆಗತ್ತೆ. ಅದರಿಂದ ಹುಟ್ಟೋ ವಿದ್ಯುತ್ತಿನಲ್ಲೇ ಹೆಡ್‌ಗಳನ್ನ ಹೊರಗಿನ ಪ್ಲಾಸ್ಟಿಕ್ ಇಳಿಜಾರಿಗೆ, ಅಂದ್ರೆ ರ‍್ಯಾಂಪ್‌ಗೆ ಎಳೆದು ಹಾಕತ್ತೆ. ಹಳೇ ಡ್ರೈವ್‌ಗಳಾದ್ರೆ ಒಳ ಅಂಚಿನಲ್ಲಿ ಡೇಟಾ ಇಲ್ಲದ ಒಂದು ಪಟ್ಟಿ ಇರ್ತಿತ್ತು, ಅಲ್ಲಿಗೆ. ಇದನ್ನ ತುರ್ತು ಅನ್‌ಲೋಡ್ ಅಂತಾರೆ. ಸರಿಯಾಗಿ ಶಟ್‌ಡೌನ್ ಮಾಡಿದಾಗ ಹೆಡ್ ಅಳೆದ ವೇಗದಲ್ಲಿ ಮೆತ್ತಗೆ ಹೋಗಿ ಕೂರತ್ತೆ. ತುರ್ತಿನಲ್ಲಿ ಆ ಅಳತೆಗೆ ಪುರುಸೊತ್ತಿಲ್ಲ, ಜೋರಾಗಿ ಹೋಗಿ ಬಡಿಯತ್ತೆ. ನೀವು ಕೇಳ್ತಿರೋದು ಅದನ್ನೇ.

ಇನ್ನೂ ಹಿಂದೆ ಸ್ಟೆಪ್ಪರ್ ಮೋಟಾರ್ ಕಾಲದ ಎಷ್ಟೋ ಡ್ರೈವ್‌ಗಳಲ್ಲಿ ಈ ಅನುಕೂಲವೇ ಇರಲಿಲ್ಲ. ಕಂಪ್ಯೂಟರ್ ಆರಿಸೋ ಮುಂಚೆ "ಪಾರ್ಕ್" ಅಂತ ಒಂದು ಕಮಾಂಡ್ ಕೊಟ್ಟೇ ಆರಿಸಬೇಕಿತ್ತು. "ಹಾಗೇ ಆರಿಸಿದ್ರೆ ಡಿಸ್ಕ್ ಹೋಗತ್ತೆ" ಅನ್ನೋ ಮಾತಿನ ಬೇರು ಬಹುಪಾಲು ಆ ಕಾಲದ್ದು.

ಮರದನೆರಳು

ಅಂದ್ರೆ ಈಗಿನ ಡಿಸ್ಕ್‌ಗೆ ಭಯ ಇಲ್ಲ ಅಂತಾಯ್ತಲ್ಲ? ನಾನು ವರ್ಷಾನುಗಟ್ಟಲೆ ಪ್ಲಗ್ ಕಿತ್ತೇ ಆರಿಸ್ತಿರೋದು, ಏನೂ ಆಗಿಲ್ಲ.

ತಿರುಗುತಟ್ಟೆ

@ಮರದನೆರಳು, ಯಾಂತ್ರಿಕ ಸವೆತದ ಮಟ್ಟಿಗೆ ನಿಮ್ಮ ಮಾತು ಹೆಚ್ಚುಕಮ್ಮಿ ಸರಿ. ಕೆಲವು 2.5 ಇಂಚಿನ ಡ್ರೈವ್‌ಗಳ ತಾಂತ್ರಿಕ ವಿವರಣೆಯಲ್ಲಿ ಮಾಮೂಲಿ ಲೋಡ್-ಅನ್‌ಲೋಡ್ 6,00,000 ಸಲ, ತುರ್ತು ಅನ್‌ಲೋಡ್ 20,000 ಸಲ ಅಂತ ಕೊಟ್ಟಿರ್ತಾರೆ. ಅಂದ್ರೆ ಆ ಅಂಕಿಗಳ ಲೆಕ್ಕದಲ್ಲಿ ಒಂದು ತುರ್ತು ಏಟು 30 ಮಾಮೂಲಿ ಏಟಿಗೆ ಸಮ. ಹಾಗಿದ್ರೂ ದಿನಕ್ಕೊಂದು ಸಲ ಆರಿಸಿದ್ರೆ 20,000 ಮುಟ್ಟೋಕೆ 50 ವರ್ಷ ದಾಟತ್ತೆ. ಅಷ್ಟರಲ್ಲಿ ಡ್ರೈವ್ ಬೇರೆ ಯಾವುದಾದ್ರೂ ಕಾರಣಕ್ಕೆ ಹೋಗಿರತ್ತೆ.

ಆದ್ರೆ ಆ ಲೆಕ್ಕ ಆರೋಗ್ಯವಾಗಿರೋ ಡ್ರೈವ್‌ಗೆ. ಬೇರಿಂಗ್ ಅಥವಾ ಹೆಡ್ ಆಗಲೇ ಸೊರಗಿದ್ದರೆ ಒಂದು ಕೆಟ್ಟ ಏಟೇ ಸಾಕಾಗಬಹುದು. ಇನ್ನೊಂದು ವಿಷಯ, ಹೊರಗಿಂದ ಕಾಣೋದು ಡಿಸ್ಕ್ ತಿರುಗ್ತಿದೆಯೋ ಇಲ್ವೋ ಅಷ್ಟೇ. ಒಳಗಿನ ಫೈಲ್ ಸರಿ ಇದೆಯಾ ಅನ್ನೋದು ತೆರೆದು ನೋಡೋವರೆಗೂ ಗೊತ್ತಾಗಲ್ಲ. "ಏನೂ ಆಗಿಲ್ಲ" ಅನ್ನೋರಲ್ಲಿ ಎಷ್ಟು ಜನ ತೆರೆದು ನೋಡಿದ್ದಾರೆ?

ಕಡತಪಾಲಕಿ

ಸಂಜೆಮಲ್ಲಿಗೆ ಅವರೇ, ನಿಮ್ಮ ತಂದೆಯವರ ಪ್ರಶ್ನೆ ಒಳ್ಳೆಯ ಪ್ರಶ್ನೆ. ಫ್ಯಾನಿಗೂ ಈ ಪೆಟ್ಟಿಗೆಗೂ ಇರುವ ವ್ಯತ್ಯಾಸವೆಂದರೆ, ಫ್ಯಾನಿಗೆ ಅರ್ಧಕ್ಕೆ ನಿಂತ ಕೆಲಸ ಎಂಬುದಿಲ್ಲ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಯಾವ ಕ್ಷಣದಲ್ಲೂ ಒಂದಿಷ್ಟು ಕೆಲಸ ಅರ್ಧ ಆಗಿಯೇ ಇರುತ್ತದೆ.

ಒಂದು ಫೈಲನ್ನು ಸೇವ್ ಮಾಡಿದಿರಿ, ಪರದೆಯ ಮೇಲೆ "ಸೇವ್ ಆಯಿತು" ಎಂದು ಬಂತು. ಆ ಹೊತ್ತಿಗೆ ಅದು ಡಿಸ್ಕಿನ ತಟ್ಟೆ ತಲುಪಿರಬೇಕೆಂದಿಲ್ಲ. ಮೊದಲು ಅದು ಆಪರೇಟಿಂಗ್ ಸಿಸ್ಟಂ ಮೆಮೊರಿಯಲ್ಲಿ ಇಟ್ಟುಕೊಂಡಿರುವ ಕ್ಯಾಶ್‌ಗೆ, ಅಂದರೆ ತಾತ್ಕಾಲಿಕ ಜಾಗಕ್ಕೆ, ಹೋಗುತ್ತದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಸಾಮಾನ್ಯ ಸೆಟ್ಟಿಂಗ್ ನೋಡಿದರೆ, ಹೀಗೆ ಬದಲಾದ ಮೆಮೊರಿಯ ತುಣುಕು (ಪುಟ) 30 ಸೆಕೆಂಡ್ ಹಳೆಯದಾದ ಮೇಲೆ ಬರೆಯಲು ಅರ್ಹವಾಗುತ್ತದೆ, ಅದನ್ನು ಹುಡುಕಿ ಬರೆಯುವ ಕೆಲಸ 5 ಸೆಕೆಂಡಿಗೊಮ್ಮೆ ಏಳುತ್ತದೆ. ಬಹಳಷ್ಟು ನ್ಯಾಸ್ ಮತ್ತು ರೆಕಾರ್ಡರ್‌ಗಳ ಒಳಗೆ ಓಡುವುದು ಲಿನಕ್ಸೇ. ಅಲ್ಲಿಂದ ಡ್ರೈವ್‌ಗೆ ಹೋದ ಮೇಲೂ ಡ್ರೈವ್‌ನೊಳಗೆ ಅದರದ್ದೇ ಆದ ಕ್ಯಾಶ್ ಇದೆ, 64 ಎಂಬಿಯೋ 256 ಎಂಬಿಯೋ. ಅಲ್ಲಿಗೆ ಬಂದ ತಕ್ಷಣ ಡ್ರೈವ್ "ಬರೆದಾಯಿತು" ಎಂದು ಉತ್ತರ ಕೊಟ್ಟುಬಿಡುತ್ತದೆ, ತಟ್ಟೆಗೆ ಇಳಿಸುವುದು ತನಗೆ ಅನುಕೂಲವಾದ ಕ್ರಮದಲ್ಲಿ, ಆಮೇಲೆ. ಕರೆಂಟ್ ಹೋದರೆ ಈ ಎರಡೂ ಕಡೆ ಇದ್ದದ್ದು ಇಲ್ಲವಾಗುತ್ತದೆ.

ಇದರಲ್ಲಿ ಅಪಾಯಕಾರಿ ಭಾಗ ಕ್ರಮದ್ದು. ಕೊನೆಯ 30 ಸೆಕೆಂಡಿನ ಕೆಲಸ ಹೋಯಿತು ಎಂದರೆ ಸಹಿಸಬಹುದು. ಆದರೆ ಫೈಲಿನ ಒಳಗಿನ ವಿಷಯ ತಟ್ಟೆ ತಲುಪುವ ಮೊದಲೇ "ಫೈಲ್ ಇಲ್ಲಿದೆ" ಎನ್ನುವ ದಾಖಲೆ ತಲುಪಿದ್ದರೆ? ಅಥವಾ ಹಳೆಯ ಫೈಲನ್ನು ಅಳಿಸಿದ್ದು ತಲುಪಿ, ಹೊಸದು ತಲುಪದೇ ಇದ್ದರೆ? ಆಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಿಮ್ಮ ರೆಕಾರ್ಡಿಂಗ್ ಪಟ್ಟಿಯಲ್ಲಿ ಹೆಸರಿದ್ದೂ ತೆರೆಯದಿರುವುದು ಬಹುಶಃ ಇದೇ ಜಾತಿಯ ತೊಂದರೆ.

ಹೊಸಗಾಳಿ

ಆದ್ರೆ ಮೇಡಂ, ಈಗೆಲ್ಲ ಜರ್ನಲ್ ಇರೋ ಫೈಲ್ ಸಿಸ್ಟಂ ಅಲ್ವಾ? ಇಎಕ್ಸ್‌ಟಿ4, ಎನ್‌ಟಿಎಫ್‌ಎಸ್ ಎಲ್ಲ. ಕರೆಂಟ್ ಹೋದ್ರೂ ತಾನೇ ಸರಿಮಾಡಿಕೊಳ್ಳತ್ತೆ ಅಂತ ಓದಿದ್ದೆ.

ಕಡತಪಾಲಕಿ

ಹೊಸಗಾಳಿ, ಅರ್ಧ ಸರಿ. ಈ ಅರ್ಧವನ್ನು ಪೂರ್ತಿ ಎಂದು ನಂಬಿದವರೇ ಹೆಚ್ಚು ಕಳೆದುಕೊಳ್ಳುವುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೈಲ್ ಸಿಸ್ಟಂ ಎಂದರೆ ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆ. ಇಎಕ್ಸ್‌ಟಿ4 ಲಿನಕ್ಸಿನದು, ಎನ್‌ಟಿಎಫ್‌ಎಸ್ ವಿಂಡೋಸಿನದು. ಜರ್ನಲ್ ಎಂದರೆ ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ಕಡೆ ಬರೆದಿಟ್ಟುಕೊಂಡು ಆಮೇಲೆ ಜಾರಿ ಮಾಡುವುದು. ಮಧ್ಯೆ ಕರೆಂಟ್ ಹೋದರೆ, ಮುಂದಿನ ಸಲ ಆ ಬರಹ ನೋಡಿ ಪೂರ್ತಿ ಮಾಡುತ್ತದೆ, ಬರಹವೇ ಅಪೂರ್ಣವಾಗಿದ್ದರೆ ಬಿಟ್ಟುಬಿಡುತ್ತದೆ. ಆದರೆ ಎನ್‌ಟಿಎಫ್‌ಎಸ್ ಬರೆದಿಟ್ಟುಕೊಳ್ಳುವುದು ಮೆಟಾಡೇಟಾ ಮಾತ್ರ: ಫೈಲಿನ ಹೆಸರು, ಗಾತ್ರ, ಯಾವ ಜಾಗದಲ್ಲಿದೆ, ಯಾವ ಜಾಗ ಖಾಲಿ ಇದೆ. ಇಎಕ್ಸ್‌ಟಿ4 ಕೂಡ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಗೆಯೇ. ಒಳಗಿನ ವಿಷಯಕ್ಕೆ ಆ ರಕ್ಷಣೆ ಇಲ್ಲ. ಜರ್ನಲ್ ಉಳಿಸುವುದು ಫೈಲ್ ಸಿಸ್ಟಮ್ಮನ್ನು, ನಿಮ್ಮ ಫೋಟೊವನ್ನಲ್ಲ.

2009ರಲ್ಲಿ ಇಎಕ್ಸ್‌ಟಿ4 ಹೊಸದಾಗಿ ಬಳಕೆಗೆ ಬರುತ್ತಿದ್ದಾಗ ಇದು ದೊಡ್ಡ ಜಗಳವೇ ಆಯಿತು. ಯಂತ್ರ ಹಠಾತ್ತಾಗಿ ನಿಂತ ಮೇಲೆ ಜನರ ಸೆಟ್ಟಿಂಗ್ ಫೈಲ್‌ಗಳು ಹೆಸರು ಮಾತ್ರ ಉಳಿದು ಗಾತ್ರ ಸೊನ್ನೆಯಾಗಿ ಕಾಣತೊಡಗಿದವು. ಹೊಸ ಫೈಲ್ ಸಿಸ್ಟಂ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನು ಮುಂದೂಡುತ್ತಿತ್ತು, ಪ್ರೋಗ್ರಾಂಗಳೋ ಎಫ್‌ಸಿಂಕ್ (ಈಗಲೇ ಡಿಸ್ಕಿಗೆ ಬರೆ ಎಂಬ ಆದೇಶ) ಕರೆಯದೇ ಫೈಲ್ ಬದಲಿಸುತ್ತಿದ್ದವು. ಫೈಲ್ ಸಿಸ್ಟಂ ನಿಯಮದ ಪ್ರಕಾರವೇ ನಡೆದುಕೊಂಡಿತ್ತು, ಆದರೂ ಜನರ ಕೆಲಸ ಹೋಯಿತು. ಆಮೇಲೆ ಲಿನಕ್ಸ್ 2.6.30ರಲ್ಲಿ, ಹಳೆಯ ಫೈಲಿನ ಮೇಲೆ ಹೊಸದನ್ನು ಮರುಹೆಸರಿಸುವಂತಹ ಸಂದರ್ಭಗಳಲ್ಲಿ ವಿಷಯವನ್ನು ಮೊದಲೇ ಬರೆಸುವ ಏರ್ಪಾಡು ಸೇರಿಸಿದರು.

ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಬೇರೆ ದಾರಿ ಹಿಡಿದಿವೆ. ಇದ್ದದ್ದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು ಕೊನೆಗೆ ದಿಕ್ಕು ಬದಲಿಸುತ್ತವೆ, ಹಾಗಾಗಿ ಕರೆಂಟ್ ಹೋದರೆ ಹಳೆಯ ಸ್ಥಿತಿಯಾದರೂ ಪೂರ್ತಿ ಸಿಗುತ್ತದೆ. ಇನ್ನು ಎಫ್‌ಎಟಿ32, ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ಲೇ ಇಲ್ಲ. ಹೊರಗಿನ ಯುಎಸ್‌ಬಿ ಡಿಸ್ಕ್‌ಗಳು ಎಷ್ಟೋ ಬಾರಿ ಎಕ್ಸ್‌ಫ್ಯಾಟ್‌ನಲ್ಲೇ ಇರುತ್ತವೆ ಎಂಬುದನ್ನು ನೆನಪಿಡಿ.

ಈ ಎಲ್ಲ ರಕ್ಷಣೆಯೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: "ಕ್ಯಾಶ್ ಖಾಲಿ ಮಾಡು" ಎಂದು ಸಿಸ್ಟಂ ಹೇಳಿದಾಗ ಡ್ರೈವ್ ನಿಜವಾಗಿಯೂ ಖಾಲಿ ಮಾಡುತ್ತದೆ ಎಂದು. ವಿಂಡೋಸ್‌ನ ಡ್ರೈವ್ ಪ್ರಾಪರ್ಟೀಸ್‌ನಲ್ಲಿ "ರೈಟ್-ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡು" ಎಂಬ ಒಂದು ಆಯ್ಕೆ ಇದೆ. ವೇಗ ಹೆಚ್ಚುತ್ತದೆಂದು ಕೆಲವರು ಟಿಕ್ ಮಾಡುತ್ತಾರೆ. ಡ್ರೈವ್‌ಗೇ ಬೇರೆ ಬ್ಯಾಟರಿ ಇಲ್ಲದಿದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ.

ಸೊನ್ನೆಒಂದು

ಇದಕ್ಕೊಂದು ಸೇರಿಸ್ತೀನಿ. ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯೋ ಚಿಕ್ಕ ತುಂಡಿಗೆ ಸೆಕ್ಟರ್ ಅಂತಾರೆ. ಬರೀತಾ ಬರೀತಾ ಸೆಕ್ಟರ್ ಮಧ್ಯದಲ್ಲೇ ಕರೆಂಟ್ ಹೋದ್ರೆ? ಮೊದಲರ್ಧ ಹೊಸ ಡೇಟಾ, ಉಳಿದರ್ಧ ಹಳೇದು, ಕೊನೆಯಲ್ಲಿರೋ ತಪ್ಪು-ತಿದ್ದುವ ಕೋಡ್ ಎರಡಕ್ಕೂ ಹೊಂದಲ್ಲ. ಆ ಸೆಕ್ಟರ್ ಓದೋಕೆ ಹೋದಾಗ ಡ್ರೈವ್ "ಓದೋಕಾಗ್ತಿಲ್ಲ" ಅನ್ನತ್ತೆ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಸ್ಮಾರ್ಟ್ ವರದಿಯ 197ನೇ ಸಾಲು, ಪೆಂಡಿಂಗ್ ಸೆಕ್ಟರ್ (ಓದೋಕಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ), ಏರತ್ತೆ. ಅಲ್ಲಿ ತಟ್ಟೆ ಹಾಳಾಗಿರಬೇಕಿಲ್ಲ, ಬರಹ ಮಾತ್ರ ಹಾಳಾಗಿರತ್ತೆ. ಅದೇ ಜಾಗಕ್ಕೆ ಹೊಸದಾಗಿ ಬರೆದರೆ ಎಷ್ಟೋ ಸಲ ಸರಿಹೋಗತ್ತೆ.

2011ರಿಂದೀಚೆಗೆ ಬಂದ ಬಹುಪಾಲು ಡ್ರೈವ್‌ಗಳಲ್ಲಿ ಒಳಗಿನ ಸೆಕ್ಟರ್ 4096 ಬೈಟ್, ಹೊರಗೆ ಹೇಳಿಕೊಳ್ಳೋದು ಮಾತ್ರ 512 ಅಂತ. ಕಂಪ್ಯೂಟರ್ 512 ಬೈಟ್ ಬದಲಿಸು ಅಂದ್ರೆ ಡ್ರೈವ್ 4096ನ್ನೂ ಓದಿ, ಅಷ್ಟು ಬದಲಿಸಿ, ಪೂರ್ತಿ ವಾಪಸ್ ಬರೀಬೇಕು. ಆ ನಡುವೆ ಕರೆಂಟ್ ಕೈಕೊಟ್ಟರೆ ನೀವು ಮುಟ್ಟದೇ ಇದ್ದ ಪಕ್ಕದ ಡೇಟಾನೂ ಹೋಗೋ ಸಾಧ್ಯತೆ ಇದೆ. "ನಾನು ಆ ಫೈಲ್ ತೆರೆದೇ ಇರಲಿಲ್ಲ, ಅದು ಹೇಗೆ ಹೋಯ್ತು?" ಅಂತ ಕೇಳೋರಿಗೆ ಇದೂ ಒಂದು ಉತ್ತರ.

ಡೇಟಾಬೇಸ್ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್, ಚೆಕ್‌ಪಾಯಿಂಟ್ (ಅಲ್ಲಿವರೆಗಿನ ಬದಲಾವಣೆ ಎಲ್ಲ ಡಿಸ್ಕಿಗೆ ಇಳಿಸೋ ಹಂತ) ಆದ ಮೇಲೆ ಒಂದು ಪುಟ ಮೊದಲ ಸಲ ಬದಲಾದಾಗ ಪುಟವನ್ನ ಪೂರ್ತಿ ಲಾಗ್‌ಗೆ ಹಾಕತ್ತೆ, ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಪ್ರತಿ ಪುಟವನ್ನ ಎರಡು ಕಡೆ ಬರೆಯತ್ತೆ. ಹರಿದ ಪುಟ ಒಂದು ಕಡೆ ಸಿಕ್ಕರೂ ಇನ್ನೊಂದು ಕಡೆ ಇಡಿಯಾಗಿ ಸಿಗಲಿ ಅಂತ.

ಸಂಜೆಮಲ್ಲಿಗೆ

ತುಂಬ ತುಂಬ ಧನ್ಯವಾದ. ಅಪ್ಪನಿಗೆ ಕಡತಪಾಲಕಿ ಮೇಡಂ ಬರೆದದ್ದನ್ನ ಓದಿ ಹೇಳಿದೆ. ಅವರು ಕೇಳಿದ್ದು: "ಹಾಗಾದ್ರೆ ರಿಮೋಟ್‌ನಲ್ಲಿ ಆಫ್ ಮಾಡಿ, ಆಮೇಲೆ ಗೋಡೆ ಸ್ವಿಚ್ ಆರಿಸಿದ್ರೆ ಆಯ್ತಲ್ಲ?" ಕರೆಂಟ್ ಸುಮ್ಮನೆ ಹೋಗೋದು ಅವರಿಗೆ ಸಹಿಸಲ್ಲ, ಅದು ನನಗೂ ಅರ್ಥ ಆಗತ್ತೆ.

ದೀಪಸ್ತಂಭ

ನಿಮ್ಮ ತಂದೆಯವರು ಹೇಳಿದ್ದು ಸರಿಯಾದ ದಿಕ್ಕು. ಆದ್ರೆ ಎರಡು ವಿಷಯ ಗಮನಿಸಿ.

ರೆಕಾರ್ಡರ್‌ಗಳಲ್ಲಿ ರಿಮೋಟ್ ಒತ್ತಿದ ತಕ್ಷಣ ಪರದೆ ಕಪ್ಪಾಗತ್ತೆ, ಅಷ್ಟಕ್ಕೆ ಡಿಸ್ಕ್ ನಿಂತಿದೆ ಅಂತ ಅರ್ಥ ಅಲ್ಲ. ಒಳಗೆ ರೆಕಾರ್ಡಿಂಗ್ ನಡೀತಿರಬಹುದು. ಲೈವ್ ಟಿವಿಯನ್ನ ಹಿಂದೆ ಓಡಿಸಿ ನೋಡೋ ಸೌಲಭ್ಯ ಇರೋ ಪೆಟ್ಟಿಗೆ ಆನ್ ಇರೋವರೆಗೂ ಡಿಸ್ಕ್‌ಗೆ ಬರೀತಾನೇ ಇರತ್ತೆ, ನೀವು ರೆಕಾರ್ಡ್ ಒತ್ತಿರಲಿ ಬಿಡಲಿ. ಆರಿಸಿದ ಮೇಲೂ ಕಾರ್ಯಕ್ರಮದ ಪಟ್ಟಿ ಇಳಿಸಿಕೊಳ್ಳೋಕೆ ಕೆಲವು ಎಚ್ಚರ ಇರ್ತವೆ. ಹಾಗಾಗಿ ರಿಮೋಟ್‌ನಲ್ಲಿ ಆರಿಸಿ, ಡಿಸ್ಕ್ ತಿರುಗೋ ಸದ್ದು ನಿಲ್ಲೋವರೆಗೂ ಕಾಯಿರಿ. ಪೆಟ್ಟಿಗೆ ಮೇಲೆ ಕೈ ಇಟ್ಟರೆ ಕಂಪನ ನಿಂತದ್ದು ಗೊತ್ತಾಗತ್ತೆ. ಆಮೇಲೆ ಸ್ವಿಚ್. ಮೆನುವಿನಲ್ಲಿ "ಡೀಪ್ ಸ್ಟ್ಯಾಂಡ್‌ಬೈ" ಅಂತ ಏನಾದ್ರೂ ಇದ್ದರೆ ಅದೇ ಒಳ್ಳೇದು.

ನ್ಯಾಸ್ ಬೇರೆ ಕಥೆ. ಅದಕ್ಕೆ ಅದರದ್ದೇ ಶಟ್‌ಡೌನ್ ಇದೆ, ಬಟನ್ ಒತ್ತಿ ಹಿಡಿದೋ ವೆಬ್ ಪುಟದಿಂದಲೋ. ಬಹುತೇಕ ನ್ಯಾಸ್‌ಗಳಲ್ಲಿ ಇಂಥ ಹೊತ್ತಿಗೆ ಆರು, ಇಂಥ ಹೊತ್ತಿಗೆ ಏಳು ಅಂತ ವೇಳಾಪಟ್ಟಿ ಹಾಕಬಹುದು. ತಂದೆಯವರು ಮಲಗೋ ಹೊತ್ತಿಗಿಂತ ಸ್ವಲ್ಪ ಮುಂಚೆ ಇಟ್ಟುಬಿಡಿ, ದೀಪ ಆರಿದ ಮೇಲೆ ಅವರು ಸ್ವಿಚ್ ಆರಿಸಲಿ. ಬೆಳಗ್ಗೆ ಅದೇ ಏಳಬೇಕು ಅಂದ್ರೆ ಮಾತ್ರ ಸ್ವಿಚ್ ಆನ್ ಇರಬೇಕು. ಸಾಧ್ಯವಾದ್ರೆ ನ್ಯಾಸ್‌ಗೆ ಬೇರೆ ಸಾಕೆಟ್ ಕೊಡಿ. ಖರ್ಚಿನ ಲೆಕ್ಕ ಬೇಕಾದ್ರೆ, 3.5 ಇಂಚಿನ ಒಂದು ಡ್ರೈವ್ ಸುಮ್ಮನೆ ತಿರುಗ್ತಿರುವಾಗ ಸುಮಾರು 4ರಿಂದ 6 ವ್ಯಾಟ್ ತಗೊಳ್ಳತ್ತೆ, ನಿದ್ರೆಗೆ ಹೋದಾಗ ಒಂದು ವ್ಯಾಟ್ ಆಸುಪಾಸು.

ನಾವು ಆರಿಸೋದಕ್ಕಿಂತ ತಾನಾಗೇ ಹೋಗೋ ಕರೆಂಟ್ ಹೆಚ್ಚು ಕಾಟ ಕೊಡೋದು. ಹೋದದ್ದು ಹೋಯ್ತು ಅನ್ನೋ ಹಾಗಿದ್ರೆ ಪರವಾಗಿಲ್ಲ. ಹೋಗಿ, ಬಂದು, ಮತ್ತೆ ಹೋಗಿ, ಮಿಣಮಿಣ ಅಂದು ಬರೋದು ಕೆಟ್ಟದ್ದು. ಡಿಸ್ಕ್ ಪೂರ್ತಿ ವೇಗಕ್ಕೆ ಏರೋ ಮುಂಚೆಯೇ ಮತ್ತೆ ಬೀಳತ್ತೆ, ಹಿಂದಿನ ಜರ್ನಲ್ ತಿದ್ದುಪಡಿ ನಡೀತಿರುವಾಗಲೇ ಇನ್ನೊಂದು ಏಟು. ಕಂಪ್ಯೂಟರ್‌ನ ಪವರ್ ಸಪ್ಲೈ ತನ್ನ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟುಕೊಳ್ಳೋದು ಪೂರ್ಣ ಹೊರೆಯಲ್ಲಿ 16-17 ಮಿಲಿಸೆಕೆಂಡ್ ಅಷ್ಟೇ. ಕಣ್ಣಿಗೆ ದೀಪ ಮಿಣುಕಿದ್ದು ಗೊತ್ತಾಯ್ತು ಅಂದ್ರೆ ಅದು ಆಗಲೇ ಮೀರಿರಬಹುದು.

ಇದಕ್ಕೆ ಮದ್ದು ಯುಪಿಎಸ್. ಆದ್ರೆ ಯುಪಿಎಸ್ ತಂದಿಟ್ಟು ಪ್ಲಗ್ ಹಾಕಿದ್ರೆ ಕೆಲಸ ಮುಗೀಲಿಲ್ಲ. ಅದರ ಜೊತೆ ಬರೋ ಯುಎಸ್‌ಬಿ ಕೇಬಲ್ಲನ್ನ ಎಷ್ಟೋ ಜನ ಡಬ್ಬಿಯಲ್ಲೇ ಬಿಡ್ತಾರೆ. ಆ ಕೇಬಲ್ ನ್ಯಾಸ್‌ಗೆ ಹಾಕಿ, ಬ್ಯಾಟರಿ ಇಷ್ಟಕ್ಕೆ ಇಳಿದ್ರೆ ಶಟ್‌ಡೌನ್ ಆಗು ಅಂತ ಸೆಟ್ ಮಾಡಿದ್ರೇನೇ ಪ್ರಯೋಜನ. ಇಲ್ಲದಿದ್ರೆ ಬ್ಯಾಟರಿ ಮುಗಿದಾಗ ಅದೇ ಹಠಾತ್ ಸಾವು, ಸ್ವಲ್ಪ ತಡವಾಗಿ. ಲಿನಕ್ಸ್ ಕಂಪ್ಯೂಟರ್ ಆದ್ರೆ ನಟ್ ಅನ್ನೋ ತಂತ್ರಾಂಶ ಇದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಒಂದೇ ಯುಪಿಎಸ್ ಮೇಲೆ ನಾಲ್ಕು ಯಂತ್ರ ಇದ್ರೂ ಎಲ್ಲಕ್ಕೂ ಸುದ್ದಿ ಮುಟ್ಟಿಸತ್ತೆ. ಮತ್ತೆ, ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡೋ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ) "ಕರೆಂಟ್ ಬಂದ ತಕ್ಷಣ ಆನ್ ಆಗು" ಅನ್ನೋದನ್ನ ತೆಗೆದಿಡಿ. ಕರೆಂಟ್ ನೆಲೆ ನಿಂತಿದೆ ಅಂತ ನೋಡಿಕೊಂಡು ನೀವೇ ಆನ್ ಮಾಡಿ.

ಮರದನೆರಳು

ದೀಪಸ್ತಂಭ ಅಣ್ಣ, ನ್ಯಾಸ್‌ನಲ್ಲಿ ಎರಡು ಡಿಸ್ಕ್ ಇದೆ ಅಂದ್ರಲ್ಲ ಅವರು. ಒಂದು ಹೋದ್ರೂ ಇನ್ನೊಂದಿರತ್ತೆ. ರೇಡ್, ಅಂದ್ರೆ ಹಲವು ಡಿಸ್ಕ್‌ಗಳನ್ನ ಜೋಡಿಸಿ ಒಂದಾಗಿ ಬಳಸೋ ಏರ್ಪಾಡು, ಇರೋದೇ ಅದಕ್ಕಲ್ವಾ?

ಕಡತಪಾಲಕಿ

ಒಂದು ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ. ಇಲ್ಲಿ ಕರೆಂಟ್ ಹೋಗುವುದು ಎರಡಕ್ಕೂ ಒಂದೇ ಕ್ಷಣದಲ್ಲಿ, ತಪ್ಪು ಬರಹ ಹೋಗುವುದೂ ಎರಡಕ್ಕೂ. ಮಿರರ್‌ನಲ್ಲಿ, ಅಂದರೆ ಎರಡು ಡಿಸ್ಕಿಗೂ ಅದನ್ನೇ ಬರೆಯುವ ಬಗೆಯಲ್ಲಿ, ಒಂದಕ್ಕೆ ಬರೆದು ಇನ್ನೊಂದಕ್ಕೆ ಬರೆಯುವ ಮುಂಚೆ ನಿಂತರೆ ಎರಡರಲ್ಲಿ ಯಾವುದು ಸರಿ ಎಂದು ಹೇಳುವ ಸಾಕ್ಷಿಯೇ ಮಾಮೂಲಿ ರೇಡ್‌ಗೆ ಇಲ್ಲ. ಒಂದನ್ನು ಸರಿ ಎಂದಿಟ್ಟುಕೊಂಡು ಇನ್ನೊಂದನ್ನು ಅದಕ್ಕೆ ಹೊಂದಿಸುತ್ತದೆ.

ರೇಡ್-5ರಲ್ಲಿ ಇದು ಇನ್ನೂ ಕೆಟ್ಟದು, "ರೈಟ್ ಹೋಲ್" ಎಂದೇ ಹೆಸರು. ಡೇಟಾ ಬರೆದಿದೆ, ಪ್ಯಾರಿಟಿ (ಒಂದು ಡಿಸ್ಕ್ ಸತ್ತರೆ ಅದರ ಡೇಟಾವನ್ನು ಲೆಕ್ಕ ಹಾಕಿ ಮರಳಿ ಪಡೆಯಲು ಇಡುವ ಅಂಕಿ) ಬರೆದಿಲ್ಲ. ಆ ಹೊತ್ತಿಗೆ ಏನೂ ತೋರುವುದಿಲ್ಲ. ತಿಂಗಳುಗಳ ಬಳಿಕ ಒಂದು ಡಿಸ್ಕ್ ಸತ್ತು, ಪ್ಯಾರಿಟಿಯಿಂದ ಅದನ್ನು ಮರುಕಟ್ಟುವಾಗ ತಪ್ಪು ಪ್ಯಾರಿಟಿಯಿಂದ ತಪ್ಪು ಡೇಟಾ ಹುಟ್ಟುತ್ತದೆ. ಆದ್ದರಿಂದಲೇ ಕರೆಂಟ್ ಹೋದ ಮೇಲೆ ಲಿನಕ್ಸ್ ರೇಡ್ ಮರುಹೊಂದಿಕೆ ಶುರು ಮಾಡಿದರೆ ಅದನ್ನು ಪೂರ್ತಿ ಮುಗಿಯಲು ಬಿಡಿ, ಮಧ್ಯೆ ನಿಲ್ಲಿಸಬೇಡಿ. ಆ ಫೋಟೊಗಳಿಗೆ ಬೇರೆ ಒಂದು ಪ್ರತಿ, ಆ ಪೆಟ್ಟಿಗೆಗೆ ಸಂಬಂಧವೇ ಇಲ್ಲದ ಡಿಸ್ಕಿನಲ್ಲಿ, ಇದೆಯೇ ಸಂಜೆಮಲ್ಲಿಗೆ ಅವರೇ? ಇಲ್ಲದಿದ್ದರೆ ಈ ಇಡೀ ಚರ್ಚೆಯಲ್ಲಿ ಮೊದಲು ಮಾಡಬೇಕಾದದ್ದು ಅದು.

ಹೊಸಗಾಳಿ

ಎಸ್‌ಎಸ್‌ಡಿ, ಅಂದ್ರೆ ತಟ್ಟೆ ಬದಲು ಫ್ಲ್ಯಾಶ್ ಚಿಪ್‌ನಲ್ಲಿ ಬರೆಯೋ ಡ್ರೈವ್, ಹಾಕಿಬಿಟ್ರೆ ಈ ತಲೆನೋವೇ ಇರಲ್ಲ ಅಲ್ವಾ? ಹೆಡ್ ಇಲ್ಲ, ತಟ್ಟೆ ಇಲ್ಲ.

ಸೊನ್ನೆಒಂದು

ಹೆಡ್ ಬಡಿಯೋ ತೊಂದರೆ ಇರಲ್ಲ, ಬೇರೆ ತೊಂದರೆ ಬರತ್ತೆ. ಎಸ್‌ಎಸ್‌ಡಿ ಒಳಗೆ ಯಾವ ಡೇಟಾ ಯಾವ ಫ್ಲ್ಯಾಶ್ ಪುಟದಲ್ಲಿದೆ ಅನ್ನೋ ಒಂದು ಪಟ್ಟಿ ಇರತ್ತೆ, ಅದು ನಿರಂತರ ಬದಲಾಗ್ತಿರತ್ತೆ. ಆ ಪಟ್ಟಿಗೆ ಏಟು ಬಿದ್ದರೆ ಒಂದು ಫೈಲ್ ಅಲ್ಲ, ಡ್ರೈವೇ ಕಾಣೆಯಾಗಬಹುದು. ಇನ್ನೊಂದು, ಒಂದು ಕೋಶದಲ್ಲಿ ಎರಡು ಅಥವಾ ಹೆಚ್ಚು ಬಿಟ್ ಇಡೋ ಫ್ಲ್ಯಾಶ್‌ನಲ್ಲಿ ಎರಡನೇ ಬಿಟ್ ಬರೆಯುವಾಗ ಕರೆಂಟ್ ಹೋದ್ರೆ, ಎಂದೋ ಬರೆದು ಭದ್ರವಾಗಿದೆ ಅಂದುಕೊಂಡಿದ್ದ ಮೊದಲನೇ ಬಿಟ್ಟೂ ಕೆಡಬಹುದು.

2013ರಲ್ಲಿ ಫಾಸ್ಟ್ ಅನ್ನೋ ಡೇಟಾ ಸಂಗ್ರಹ ತಂತ್ರಜ್ಞಾನದ ಸಮ್ಮೇಳನದಲ್ಲಿ ಒಂದು ಸಂಶೋಧನಾ ಪ್ರಬಂಧ ಬಂದಿತ್ತು. 15 ಎಸ್‌ಎಸ್‌ಡಿಗಳಿಗೆ ಬೇಕಂತಲೇ ಪದೇ ಪದೇ ಕರೆಂಟ್ ತಪ್ಪಿಸಿ ನೋಡಿದ್ರು, 13ರಲ್ಲಿ ಒಂದಲ್ಲ ಒಂದು ವೈಫಲ್ಯ ಕಂಡಿತು. ಸರ್ವರ್‌ಗೆ ಅಂತ ಮಾಡೋ ಎಸ್‌ಎಸ್‌ಡಿಗಳಲ್ಲಿ ಇದಕ್ಕೇ ಸಾಲಾಗಿ ಕೆಪಾಸಿಟರ್ ಇಟ್ಟಿರ್ತಾರೆ, ಕರೆಂಟ್ ಹೋದ ಮೇಲೆ ಕ್ಯಾಶ್ ಖಾಲಿ ಮಾಡುವಷ್ಟು ಹೊತ್ತು ಉಸಿರು ಹಿಡಿಯೋಕೆ. ಮನೆ ಬಳಕೆಯ ಬಹುಪಾಲು ಡ್ರೈವ್‌ಗಳಲ್ಲಿ ಅದು ಇರಲ್ಲ.

ಚುಕ್ಕಿರಂಗೋಲಿ

ನಡುವೆ ಬಂದು ಕೇಳ್ತಿದ್ದೀನಿ, ಕ್ಷಮಿಸಿ, ತುಂಬ ಗಾಬರಿಯಲ್ಲಿದ್ದೀನಿ. ನನ್ನ ಪ್ರಬಂಧದ ಕೆಲಸ ಎಲ್ಲ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿದೆ. ಕಾಪಿ ನಡೀತಿರುವಾಗ ಕರೆಂಟ್ ಹೋಯ್ತು. ಈಗ ಹಾಕಿದ್ರೆ ವಿಂಡೋಸ್ "ಫಾರ್ಮ್ಯಾಟ್ ಮಾಡ್ಬೇಕು" ಅಂತ ಕೇಳ್ತಿದೆ. ಚೆಕ್‌ಡಿಸ್ಕ್ ಓಡಿಸಿ ಅಂತ ಗೆಳತಿ ಹೇಳಿದಳು. ಓಡಿಸಲಾ?

ತಿರುಗುತಟ್ಟೆ

ಓಡಿಸಬೇಡಮ್ಮ. ಫಾರ್ಮ್ಯಾಟೂ ಬೇಡ. ಮೊದಲು ಅದನ್ನ ತೆಗೆದಿಟ್ಟು ಇದನ್ನ ಓದು.

ಹಾಕಿದಾಗ ಸದ್ದು ಹೇಗಿದೆ? ಒಂದೇ ಲಯದಲ್ಲಿ ಟಕ್, ಟಕ್, ಟಕ್ ಅಂತ ಬಡೀತಾ ನಿಂತುಹೋಗ್ತಿದ್ರೆ ಹೆಡ್‌ಗೆ ಏನೋ ಆಗಿದೆ. ಆಗ ಮನೇಲಿ ಏನೂ ಮಾಡಬಾರದು, ಇನ್ನೊಂದು ಸಲ ಆನ್ ಕೂಡ ಮಾಡಬಾರದು. ಡೇಟಾ ರಿಕವರಿ ಮಾಡೋರ ಹತ್ತಿರವೇ ಹೋಗಬೇಕು. ಬಿಚ್ಚಿ ನೋಡೋದಂತೂ ಬೇಡವೇ ಬೇಡ.

ಮಾಮೂಲಿ ಹಾಗೇ ತಿರುಗ್ತಿದ್ರೆ ಧೈರ್ಯ ತಂದುಕೋ, ಬಹಳ ಮಟ್ಟಿಗೆ ಹೋಗಿರೋದು ಫೈಲ್ ಸಿಸ್ಟಮ್ಮಿನ ಮೊದಲ ಕೆಲವು ಸೆಕ್ಟರ್, ಒಳಗಿನ ನಿನ್ನ ಬರಹ ಹಾಗೇ ಇರತ್ತೆ. ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕ್ ಹೊಂದಿಸಿಕೋ. ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡೋ ಲಿನಕ್ಸ್) ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋದರಲ್ಲಿ ಇಡೀ ಡಿಸ್ಕಿನ ಪ್ರತಿ ತೆಗಿ, ಮ್ಯಾಪ್ ಫೈಲ್ (ಎಲ್ಲೆಲ್ಲಿ ಓದಿ ಆಯ್ತು ಅನ್ನೋ ದಾಖಲೆ) ಕೊಟ್ಟೇ ತೆಗಿ. ಅದು ಮೊದಲು ಸಲೀಸಾಗಿ ಓದೋ ಜಾಗ ಎಲ್ಲ ಓದಿ ಮುಗಿಸಿ, ಕಷ್ಟದ ಜಾಗಕ್ಕೆ ಆಮೇಲೆ ಬರತ್ತೆ. ಮಧ್ಯೆ ನಿಂತರೂ ಮ್ಯಾಪ್ ಇದ್ರೆ ನಿಂತಲ್ಲಿಂದ ಮುಂದುವರಿಸಬಹುದು. ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಎರಡು ಸಲ ನೋಡಿ ಎಂಟರ್ ಒತ್ತು, ಅದು ಅದಲುಬದಲಾದ್ರೆ ಎಲ್ಲ ಹೋಗತ್ತೆ. ಮುಂದಿನ ರಿಪೇರಿ ಎಲ್ಲ ಆ ಪ್ರತಿಯ ಮೇಲೆ, ಮೂಲದ ಮೇಲಲ್ಲ.

ಚೆಕ್‌ಡಿಸ್ಕ್ ಬೇಡ ಅಂದದ್ದಕ್ಕೆ ಕಾರಣ ಇದೆ. ಅದರ ಕೆಲಸ ಫೈಲ್ ಸಿಸ್ಟಮ್ಮನ್ನ ಮತ್ತೆ ಒಪ್ಪವಾಗಿಸೋದು. ಹೊಂದಿಕೆಯಾಗದ ದಾಖಲೆ ಕಂಡ್ರೆ ಕಿತ್ತು ಹಾಕತ್ತೆ, ಅನಾಥ ತುಂಡುಗಳನ್ನ ಬೇರೆ ಫೋಲ್ಡರ್‌ಗೆ ತಳ್ಳತ್ತೆ. ಆ ತುಂಡುಗಳಲ್ಲೇ ನಿನ್ನ ಪ್ರಬಂಧ ಇರಬಹುದು. ಪ್ರತಿ ಕೈಯಲ್ಲಿದ್ದ ಮೇಲೆ ಎಷ್ಟು ಬೇಕಾದ್ರೂ ಓಡಿಸು. ಇಷ್ಟು ವರ್ಷ ರಿಪೇರಿ ಮೇಜಿನ ಮುಂದೆ ಕೂತು ನಾನು ನೋಡಿರೋದು, ಕರೆಂಟ್ ಹೋಗಿ ಕಳೆದುಕೊಂಡೋರಿಗಿಂತ ಆಮೇಲಿನ ಅವಸರದಲ್ಲಿ ಕಳೆದುಕೊಂಡೋರು ಜಾಸ್ತಿ.

ಕಡತಪಾಲಕಿ

ಚುಕ್ಕಿರಂಗೋಲಿ, ಡಿಡಿರೆಸ್ಕ್ಯೂ ಶುರು ಮಾಡುವ ಮುನ್ನ ಕಮಾಂಡನ್ನು ಇಲ್ಲಿ ಹಾಕಿ. ನೋಡಿ ಹೇಳುತ್ತೇವೆ. ಒಬ್ಬರೇ ಮಾಡಬೇಕಿಲ್ಲ.

ಹೊಸಗಾಳಿ

ಕಂಪ್ಯೂಟರ್ ಪೂರ್ತಿ ಹ್ಯಾಂಗ್ ಆದಾಗ ಏನು ಮಾಡೋದು? ಪವರ್ ಬಟನ್ ಒತ್ತಿ ಹಿಡಿಯೋದು ಬಿಟ್ಟು ಬೇರೆ ದಾರಿ ಇದೆಯಾ?

ಸೊನ್ನೆಒಂದು

ಲಿನಕ್ಸ್ ಆದ್ರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಒತ್ತಿ ಹಿಡಿದು ಎಸ್, ಯು, ಬಿ ಒಂದೊಂದಾಗಿ, ನಡುವೆ ಕೆಲವು ಸೆಕೆಂಡ್ ಬಿಟ್ಟು ಒತ್ತಿ. ಎಸ್ ಅಂದ್ರೆ ಕ್ಯಾಶ್‌ನಲ್ಲಿರೋದನ್ನ ಬರೆ, ಯು ಅಂದ್ರೆ ಡಿಸ್ಕನ್ನ ಓದಲು-ಮಾತ್ರ ಸ್ಥಿತಿಗೆ ತಾ, ಬಿ ಅಂದ್ರೆ ರೀಬೂಟ್. ಪರದೆ ಸತ್ತಂತಿದ್ರೂ ಕರ್ನಲ್ (ಲಿನಕ್ಸಿನ ತಿರುಳು ಭಾಗ) ಎಚ್ಚರ ಇದ್ರೆ ಕೆಲಸ ಮಾಡತ್ತೆ. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲಿಂದಲೇ ಅನುಮತಿ ಇರತ್ತೆ.

ವಿಂಡೋಸ್‌ನಲ್ಲಿ ಅಂಥದ್ದಿಲ್ಲ. ಡಿಸ್ಕ್ ದೀಪ ಮಿಣುಕೋದು ನಿಲ್ಲೋವರೆಗೂ ಕಾದು ಆಮೇಲೆ ಬಟನ್ ಹಿಡಿಯಿರಿ. ಯುಎಸ್‌ಬಿ ಡಿಸ್ಕ್ ವಿಷಯದಲ್ಲಿ, ವಿಂಡೋಸ್ 10ರ 1809 ಆವೃತ್ತಿಯಿಂದ "ಕ್ವಿಕ್ ರಿಮೂವಲ್" ಮಾಮೂಲಿ ಸೆಟ್ಟಿಂಗ್ ಆಗಿದೆ, ವಿಂಡೋಸ್ ತನ್ನ ಕಡೆ ಬರಹ ಹಿಡಿದಿಟ್ಟುಕೊಳ್ಳಲ್ಲ. ಆದ್ರೂ ತಿರುಗೋ ಡಿಸ್ಕ್ ಆದ್ರೆ "ಎಜೆಕ್ಟ್" ಕೊಟ್ಟೇ ತೆಗೀರಿ. ಕಾಪಿ ನಡುವೆ ಕೀಳೋದಕ್ಕೆ ಯಾವ ಸೆಟ್ಟಿಂಗೂ ಕಾವಲಲ್ಲ. ಕಿತ್ತ ಮೇಲೂ ತಟ್ಟೆ ಕೆಲವು ಸೆಕೆಂಡ್ ತಿರುಗ್ತಿರತ್ತೆ. ಮೇಜಿನ ಮೇಲೇ ಇರಲಿ, ತಕ್ಷಣ ಬ್ಯಾಗಿಗೆ ಎಸೀಬೇಡಿ.

ಸಂಜೆಮಲ್ಲಿಗೆ

ನ್ಯಾಸ್‌ನ ಸ್ಮಾರ್ಟ್ ವರದಿ ನೋಡಿದೆ. ಎರಡೂ ಡಿಸ್ಕಿನಲ್ಲಿ 192ನೇ ಸಾಲು (ಪವರ್-ಆಫ್ ರಿಟ್ರ್ಯಾಕ್ಟ್) ಮತ್ತು 12ನೇ ಸಾಲು (ಪವರ್ ಸೈಕಲ್) ಹೆಚ್ಚುಕಮ್ಮಿ ಸಮ ಇವೆ. ಒಂದರಲ್ಲಿ 197 ಸೊನ್ನೆ, ಇನ್ನೊಂದರಲ್ಲಿ 8. 5ನೇ ಸಾಲು (ಕೆಟ್ಟಿದೆ ಅಂತ ಬೇರೆ ಜಾಗಕ್ಕೆ ಬದಲಿಸಿದ ಸೆಕ್ಟರ್‌ಗಳ ಲೆಕ್ಕ) ಎರಡರಲ್ಲೂ ಸೊನ್ನೆ. ಫೋಟೊಗಳನ್ನ ಬೇರೆ ಡಿಸ್ಕಿಗೆ ಕಾಪಿ ಹಾಕಿದ್ದೀನಿ, ನಡೀತಿದೆ. ಆ 8ಕ್ಕೆ ಡಿಸ್ಕ್ ಬದಲಿಸಬೇಕಾ?

ತಿರುಗುತಟ್ಟೆ

192 ಮತ್ತು 12 ಸಮ ಅಂದ್ರೆ ಆ ಡಿಸ್ಕ್ ಆರಿದ್ದೆಲ್ಲ ಹೆಚ್ಚುಕಮ್ಮಿ ತುರ್ತಿನಲ್ಲೇ ಅಂತ. ಕೆಲವು ತಯಾರಕರು 192ನ್ನ ಬೇರೆ ಥರ ಎಣಿಸ್ತಾರೆ, ಆದ್ರೆ ನೀವು ಹೇಳಿದ ಅಭ್ಯಾಸಕ್ಕೆ ಇದು ತಾಳೆ ಆಗತ್ತೆ. ವೇಳಾಪಟ್ಟಿ ಹಾಕಿದ ಮೇಲೆ ನೋಡಿ, 12 ಏರ್ತಾ ಹೋಗಿ 192 ನಿಂತರೆ ಶಟ್‌ಡೌನ್ ಸರಿಯಾಗಿ ಆಗ್ತಿದೆ ಅಂತ.

ಆ 8ಕ್ಕೆ ಈಗಲೇ ಡಿಸ್ಕ್ ಬದಲಿಸೋದು ಬೇಡ. 8 ಅಂದ್ರೆ 512ರ ಲೆಕ್ಕದಲ್ಲಿ ಎಂಟು, 4096ರ ಲೆಕ್ಕದಲ್ಲಿ ಒಂದೇ ಸೆಕ್ಟರ್. ಸೊನ್ನೆಒಂದು ಮೇಲೆ ಹೇಳಿದ ಅರ್ಧ ಬರಹ ಇದೇ ಇರಬಹುದು. ಫೋಟೊ ಕಾಪಿ ಪೂರ್ತಿ ಮುಗಿದು, ನಾಲ್ಕಾರು ಕಡೆ ತೆರೆದು ನೋಡಿದ ಮೇಲೆ ನ್ಯಾಸ್ ಮೆನುವಿನಲ್ಲಿ ರೇಡ್ ಸ್ಕ್ರಬ್ಬಿಂಗ್ ಓಡಿಸಿ. ಓದೋಕಾಗದ ಸೆಕ್ಟರ್ ಸಿಕ್ಕಲ್ಲಿ ಇನ್ನೊಂದು ಡಿಸ್ಕಿನಿಂದ ತಗೊಂಡು ಅದೇ ಜಾಗಕ್ಕೆ ಬರೆಯತ್ತೆ. ಆಮೇಲೆ 197 ಸೊನ್ನೆಗೆ ಇಳಿದು 5 ಸೊನ್ನೆಯಲ್ಲೇ ಉಳಿದ್ರೆ ತಟ್ಟೆ ಚೆನ್ನಾಗಿದೆ. 5 ಏರಿದ್ರೆ, ಅಥವಾ ಕೆಲವು ವಾರದಲ್ಲಿ 197 ಮತ್ತೆ ಕಾಣಿಸಿಕೊಂಡ್ರೆ ಬದಲಿಸಿ. ಸ್ಕ್ರಬ್ಬಿಂಗ್ ದೊಡ್ಡ ಡಿಸ್ಕಿಗೆ ಅರ್ಧ ದಿನ ಮೀರಿ ಹಿಡಿಯತ್ತೆ, ಬೆಳಗ್ಗೆಯೇ ಶುರು ಮಾಡಿ. ಅವತ್ತೊಂದು ರಾತ್ರಿ ಸ್ವಿಚ್ ಆರಿಸೋದು ಬೇಡ ಅಂತ ತಂದೆಯವರಿಗೆ ಮೊದಲೇ ಹೇಳಿಡಿ.